ಇಲ್ಲದ ಬೇವಿನಮರದ ಹತ್ತಿರ ಎಡಕ್ಕೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2004-05ನೇ ಸಾಲಿನಲ್ಲಿ ಇಲ್ಲಿ ಹತ್ತನೇ ತರಗತಿ ಮುಗಿಸಿದವನು. ಆಮೇಲೆ ಪಿ.ಯು.ಸಿ., ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. "ನಿಮ್ಮ ಕ್ಷೇತ್ರದ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದು ಸಮಿತಿಯವರು ಹೇಳಿದರು. ಊರಿಗೆ ಬಂದಾಗೆಲ್ಲ ಅರಳಿಕಟ್ಟೆ ಮೇಲೆ ಕೂತವರು ಕೇಳುವುದೂ ಅದನ್ನೇ: "ಅಲ್ಲಪ್ಪಾ, ದಿನಾ ಕಂಪ್ಯೂಟರ್ ಮುಂದೆ ಕೂತ್ಕೊಂಡು ಏನ್ ಮಾಡ್ತೀಯ?" ಇಷ್ಟು ವರ್ಷ ನಾನು "ಪ್ರೋಗ್ರಾಂ ಬರೀತೀನಿ" ಎಂದು ಜಾರಿಕೊಳ್ಳುತ್ತಿದ್ದೆ. ಈಗ ಎರಡು ವರ್ಷದಿಂದ ಆ ಉತ್ತರವೂ ಪೂರ್ತಿ ನಿಜವಲ್ಲ. ಈಗ ನಾನು ಹೆಚ್ಚಾಗಿ ಬರೆಯುತ್ತಿರುವುದು ವಾಕ್ಯ. ಇಂಗ್ಲಿಷಿನಲ್ಲಿ, ಸಾದಾ ವಾಕ್ಯ. ಅದನ್ನು ಓದುವುದು ಮನುಷ್ಯನಲ್ಲ, ಯಂತ್ರ. ಅದು ಯಾಕೆ, ಅದರಲ್ಲಿ ನಾನು ಮಾಡಿದ ಒಂದು ತಪ್ಪೇನು ಎಂಬುದನ್ನು ಇವತ್ತು ಹೇಳಿಬಿಡುತ್ತೇನೆ.

ಅದಕ್ಕೆ ಮುಂಚೆ ಒಂಬತ್ತನೇ ತರಗತಿಗೆ ಹೋಗಿ ಬರಬೇಕು.

ನಮ್ಮ ಕನ್ನಡ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಅವರಿಗೆ ನೆನಪಿದೆಯೋ ಇಲ್ಲವೋ. ಪತ್ರಲೇಖನದ ಪಾಠ ಆದಮೇಲೆ ಒಂದು ಅಭ್ಯಾಸ ಕೊಟ್ಟರು. "ನಮ್ಮೂರಿಗೆ ಯಾವತ್ತೂ ಬರದೇ ಇರುವ ಒಬ್ಬ ನೆಂಟನಿಗೆ, ಬಸ್ಸಿಳಿದ ಜಾಗದಿಂದ ನಿಮ್ಮ ಮನೆಗೆ ದಾರಿ ಬರೆಯಿರಿ. ಅರ್ಧ ಪುಟ ಸಾಕು." ನಾವು ಇದೇನು ಮಹಾ ಎಂದು ಬರೆದು ಕೊಟ್ಟೆವು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮೇಷ್ಟ್ರು ನಮ್ಮ ಹಾಳೆಗಳಲ್ಲಿ ನಾಲ್ಕನ್ನು ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟಾಪಿಗೇ ಹೊರಟರು! ಹಿಂದೆ ನಾವೆಲ್ಲ. "ನಾನು ಈಗ ನೆಂಟ. ನಿಮ್ಮೂರು ನನಗೆ ಗೊತ್ತಿಲ್ಲ. ಕಾಗದದಲ್ಲಿ ಬರೆದಷ್ಟೇ ನಡೀತೀನಿ. ಯಾರೂ ಬಾಯಿ ಬಿಡಬಾರದು" ಎಂದರು.

ಮೊದಲ ಹಾಳೆ ನನ್ನದು. "ಸ್ವಲ್ಪ ಮುಂದೆ ಬಂದು ಬೇವಿನಮರದ ಹತ್ತಿರ ಎಡಕ್ಕೆ ತಿರುಗಬೇಕು" ಎಂದಿತ್ತು. ಮೇಷ್ಟ್ರು ನಡೆದರು. ನಡೆದೇ ನಡೆದರು. ತಿರುವು ದಾಟಿ, ಹಾಲಿನ ಡೇರಿ ದಾಟಿ, ಕೆರೆ ಏರಿಯವರೆಗೂ ಹೋಗಿ ನಿಂತರು. "ಎಲ್ಲೋ ಬೇವಿನಮರ?" ಎಂದರು. ಊರಿನವರಿಗೆ ಗೊತ್ತಿರುವ ಹಾಗೆ ಆ ಮರವನ್ನು ರಸ್ತೆ ಅಗಲ ಮಾಡುವಾಗಲೇ ಕಡಿದಿದ್ದರು. ಬುಡವೂ ಇರಲಿಲ್ಲ. ಆದರೆ ಆ ಜಾಗವನ್ನು ಎಲ್ಲರೂ ಬೇವಿನಮರ ಎಂದೇ ಕರೆಯುತ್ತಿದ್ದೆವು, ಈಗಲೂ ಕರೆಯುತ್ತೇವೆ. ನಾನು ಬರೆಯುವಾಗ ನನ್ನ ಕಣ್ಣಿಗೆ ಆ ಮರ ಕಾಣುತ್ತಿತ್ತು. ಇಡೀ ತರಗತಿ ನಕ್ಕಿತು, ನನಗೆ ಕಿವಿ ಬಿಸಿಯಾಯಿತು. ಮೇಷ್ಟ್ರು ಬೈಯಲಿಲ್ಲ. "ತಪ್ಪು ಬರೆದಿಲ್ಲ ಕಣೋ ನೀನು. ನಿನಗೆ ಬರೆದುಕೊಂಡಿದ್ದೀಯ" ಎಂದರು.

ಇಪ್ಪತ್ತು ವರ್ಷ ಕಳೆದ ಮೇಲೆ ನಾನು ಅದೇ ಮರವನ್ನು ಮತ್ತೆ ನೆಟ್ಟೆ. ಈ ಸಲ ಅದರಿಂದ ತೊಂದರೆಯಾಗಿದ್ದು ನನಗಲ್ಲ.

ಈಗ ಕೆಲಸದ ವಿಷಯ. ಎ.ಐ. ಎಂದರೆ ಕೃತಕ ಬುದ್ಧಿಮತ್ತೆ ಎಂದು ಮಕ್ಕಳಿಗೆಲ್ಲ ಗೊತ್ತು. ಫೋನಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರೆದು ಕೊಡುತ್ತದಲ್ಲ, ಅದು. ಅದರ ಮುಂದಿನ ಮೆಟ್ಟಿಲಿಗೆ ಎ.ಐ. ಏಜೆಂಟ್ ಎನ್ನುತ್ತಾರೆ. ನಮ್ಮ ಕಡೆ ಏಜೆಂಟ್ ಎಂದರೆ ಎಲ್.ಐ.ಸಿ. ಏಜೆಂಟ್, ಆರ್.ಟಿ.ಓ. ಆಫೀಸಿನ ಮುಂದೆ ನಿಂತಿರುವ ಏಜೆಂಟ್. ಅರ್ಥ ಬಹಳ ದೂರವೇನಿಲ್ಲ. ನಮ್ಮ ಪರವಾಗಿ ಓಡಾಡಿ ಕೆಲಸ ಮಾಡಿಸಿಕೊಂಡು ಬರುವವನು. ಬರಿ ಉತ್ತರ ಹೇಳುವುದಲ್ಲ, ಟಿಕೆಟ್ ಬುಕ್ ಮಾಡುವುದು, ಲೆಕ್ಕ ತೆಗೆಯುವುದು, ಪತ್ರ ಕಳಿಸುವುದು, ಇಂಥವನ್ನು ತಾನೇ ಮಾಡುತ್ತದೆ.

ಆದರೆ ಆ ಯಂತ್ರಕ್ಕೆ ಸ್ವತಃ ಕೈಕಾಲಿಲ್ಲ. ಅದಕ್ಕೆ ಬರುವುದು ಒಂದೇ ವಿದ್ಯೆ: ಓದುವುದು, ಅದರ ಮುಂದಕ್ಕೆ ಬರೆಯುವುದು. ಹಾಗಾಗಿ ನಮ್ಮಂಥವರು ಅದಕ್ಕೆ ಕೆಲವು ಸಲಕರಣೆ ಮಾಡಿ ಕೊಡುತ್ತೇವೆ. ಅವಕ್ಕೆ ಟೂಲ್ ಎಂದು ಹೆಸರು. ಒಂದೊಂದು ಟೂಲಿಗೂ ಮೂರು ಸಂಗತಿ ಬರೆದಿಡಬೇಕು. ಒಂದು ಹೆಸರು, ಒಂದು ವಿವರಣೆ, ಮತ್ತು ಅದನ್ನು ಬಳಸಲು ಏನೇನು ವಿವರ ತುಂಬಿ ಕೊಡಬೇಕು ಎಂಬ ಪಟ್ಟಿ. ಏಜೆಂಟ್ ಇವನ್ನು ಓದಿ, "ಈಗ ಈ ಟೂಲ್ ಬೇಕು, ಇಗೋ ವಿವರ" ಎಂದು ಒಂದು ಚೀಟಿ ಬರೆಯುತ್ತದೆ. ನಮ್ಮ ಪ್ರೋಗ್ರಾಂ ಆ ಚೀಟಿ ಪ್ರಕಾರ ಕೆಲಸ ಮಾಡಿ, ಏನಾಯಿತು ಎಂದು ವಾಪಸ್ ಬರೆದು ಕೊಡುತ್ತದೆ. ಏಜೆಂಟ್ ಅದನ್ನು ಓದಿ ಮುಂದಿನ ಹೆಜ್ಜೆ ಇಡುತ್ತದೆ. 2023ರ ಜೂನ್‌ನಲ್ಲಿ ಓಪನ್‌ಎಐ ಕಂಪನಿ ಇಂಥ ಏರ್ಪಾಡನ್ನು ತನ್ನ ಯಂತ್ರಗಳನ್ನು ಬಳಸುವ ಪ್ರೋಗ್ರಾಮರುಗಳಿಗೆ ತೆರೆದಿಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಎಂಬ ಕಂಪನಿ, ಯಾರು ಮಾಡಿದ ಟೂಲನ್ನು ಯಾವ ಏಜೆಂಟಿಗಾದರೂ ಜೋಡಿಸಲು ಬರುವಂತೆ ಎಂ.ಸಿ.ಪಿ. ಎಂಬ ಒಂದು ಸಾಮಾನ್ಯ ಪದ್ಧತಿಯನ್ನು ಹೊರತಂದಿತು. ಅಲ್ಲಿಂದ ನಮ್ಮ ಆಫೀಸಿನಲ್ಲಿ ಟೂಲ್ ಮಾಡುವುದೇ ಮಾಡುವುದು.

ಇಲ್ಲಿ ಗಮನಿಸಬೇಕಾದ್ದು ಒಂದು. ಟೂಲಿನ ಒಳಗಿನ ಪ್ರೋಗ್ರಾಂ ಏಜೆಂಟಿಗೆ ಕಾಣುವುದಿಲ್ಲ. ಕಾಣುವುದು ಮೇಲಿನ ಚೀಟಿ ಮಾತ್ರ.

ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಗಳ ಅಡುಗೆಮನೆ ಅಟ್ಟಣೆ ನೋಡಿ. ಹಾರ್ಲಿಕ್ಸ್ ಬಾಟಲಿಯಲ್ಲಿ ತೊಗರಿಬೇಳೆ, ಬೋರ್ನ್‌ವಿಟಾ ಡಬ್ಬಿಯಲ್ಲಿ ಖಾರದಪುಡಿ, ಬಿಸ್ಕತ್ತಿನ ಟಿನ್ನಿನಲ್ಲಿ ಸೂಜಿ ದಾರ. ಅಮ್ಮನಿಗೆ ಕಣ್ಣು ಮುಚ್ಚಿದರೂ ಗೊತ್ತು. ಹೊಸದಾಗಿ ಬಂದ ಸೊಸೆ? ಅವಳಾದರೂ ಮುಚ್ಚಳ ತೆಗೆದು ಮೂಸಿ ನೋಡಬಹುದು, ನಾಲಿಗೆಗೆ ಹಚ್ಚಿ ನೋಡಬಹುದು, "ಅತ್ತೆ, ಸಕ್ಕರೆ ಯಾವುದರಲ್ಲಿದೆ?" ಎಂದು ಕೂಗಿ ಕೇಳಬಹುದು. ಏಜೆಂಟ್ ಮುಚ್ಚಳ ತೆಗೆಯುವ ಹಾಗಿಲ್ಲ. ಡಬ್ಬಿಯ ಮೇಲೆ "ಬಿಳಿ ಪುಡಿ" ಎಂದು ಚೀಟಿ ಅಂಟಿಸಿದ್ದರೆ, ಅದು ಅಕ್ಕಿಹಿಟ್ಟೋ, ಮೈದಾನೋ, ಅಡುಗೆ ಸೋಡಾನೋ, ರಂಗೋಲಿಯೋ ಎಂದು ಊಹಿಸಿ ಕೈ ಹಾಕುತ್ತದೆ. ಬರೆದವನ ಪ್ರಕಾರ "ಬಿಳಿ ಪುಡಿ" ಎಂಬುದು ಸುಳ್ಳೇನಲ್ಲ.

ಇನ್ನೊಂದು ವಿಚಿತ್ರ. ಈ ಹೊಸ ಸೊಸೆ ಲೋಕದ ಪುಸ್ತಕ ಬೇಕಾದಷ್ಟು ಓದಿರುವವಳು. ಆದರೆ ಪ್ರತಿ ದಿನ ಬೆಳಿಗ್ಗೆ ಹೊಸದಾಗಿಯೇ ಮನೆಗೆ ಬರುತ್ತಾಳೆ. ನಾವಾಗಿ ಬರೆದಿಟ್ಟು ಓದಿಸದಿದ್ದರೆ ನಿನ್ನೆ ಕಲಿತದ್ದು ಇವತ್ತು ಇರುವುದಿಲ್ಲ. ಇವತ್ತು ಯಾವ ತಾರೀಖು ಎನ್ನುವುದು ಕೂಡ ನಾವು ಹೇಳದಿದ್ದರೆ ಅದಕ್ಕೆ ಗೊತ್ತಾಗದು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಾವು ಒಂದು ಆಸ್ಪತ್ರೆಗೆ, ಹೆಸರು ಬೇಡ, ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಅಪಾಯಿಂಟ್‌ಮೆಂಟ್ ಕೊಡುವ ಏಜೆಂಟ್ ಮಾಡಿದ್ದೆವು. ಅದಕ್ಕೆ ನಾಲ್ಕು ಟೂಲ್: ಖಾಲಿ ಸಮಯ ನೋಡು, ಬುಕ್ ಮಾಡು, ದಿನ ಬದಲಿಸು, ರದ್ದು ಮಾಡು. ನಾಲ್ಕಕ್ಕೂ ವಿವರಣೆ ಬರೆದವನು ನಾನು. ಪ್ರೋಗ್ರಾಂ ಬರೆಯಲು ಎರಡು ವಾರ ತೆಗೆದುಕೊಂಡೆ. ವಿವರಣೆಗಳನ್ನು ಒಂದು ಸಂಜೆ, ಕಾಫಿ ಆರುವುದರೊಳಗೆ ಬರೆದು ಮುಗಿಸಿದೆ. ಬುಕ್ ಮಾಡುವ ಟೂಲಿಗೆ ನಾನು ಬರೆದದ್ದು ಇಷ್ಟೇ: "ಅಪಾಯಿಂಟ್‌ಮೆಂಟ್ ಬುಕ್ ಮಾಡುತ್ತದೆ. ಬೇಕಾದ ವಿವರ: ರೋಗಿಯ ನಂಬರು, ದಿನಾಂಕ, ಸಮಯ."

ದಿನಾಂಕ. ನನ್ನ ಕಣ್ಣಿಗೆ ಅಲ್ಲಿ ಬೇವಿನಮರ ಕಾಣುತ್ತಿತ್ತು. ದಿನಾಂಕ ಎಂದರೆ ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ. ಈ ಶಾಲೆಯ ಕಪ್ಪು ಹಲಗೆಯ ಮೂಲೆಯಲ್ಲಿ ಹಾಗೇ ಬರೆದು ಬೆಳೆದವನು ನಾನು. ಬೇರೆ ರೀತಿ ಯಾರಾದರೂ ಯಾಕೆ ಬರೆಯುತ್ತಾರೆ? ಆದರೆ ಅಮೆರಿಕದಲ್ಲಿ ಮೊದಲು ತಿಂಗಳು, ಆಮೇಲೆ ದಿನ. ಈ ಯಂತ್ರ ಓದಿರುವ ಬರಹದಲ್ಲಿ ಅಮೆರಿಕದವರು ಬರೆದದ್ದು ಧಾರಾಳವಾಗಿದೆ. ಹಾಗಾಗಿ ಅದು ಒಮ್ಮೆ ನಮ್ಮಂತೆ ಬರೆಯುತ್ತಿತ್ತು, ಒಮ್ಮೆ ಅವರಂತೆ. ನನ್ನ ಪ್ರೋಗ್ರಾಂ ಮಾತ್ರ ಬಂದದ್ದನ್ನೆಲ್ಲ ನಮ್ಮ ಪದ್ಧತಿಯಂತೆಯೇ ಓದುತ್ತಿತ್ತು.

ಇದು ಪರೀಕ್ಷೆ ಮಾಡುವಾಗಲೇ ಸಿಕ್ಕಿಬೀಳಬೇಕಿತ್ತಲ್ಲ ಎಂದು ನೀವು ಕೇಳಬಹುದು. ಬೀಳಲಿಲ್ಲ. ಯಾಕೆಂದರೆ ನಾವು ಪರೀಕ್ಷೆಗೆ ಹಾಕಿದ ತಾರೀಖುಗಳು 18, 25 ಇಂಥವು. ಏಜೆಂಟ್ ಅಮೆರಿಕದ ರೀತಿ 07/25 ಎಂದು ಬರೆದರೆ ಪ್ರೋಗ್ರಾಂ ಅದನ್ನು ಇಪ್ಪತ್ತೈದನೆಯ ತಿಂಗಳು ಎಂದು ಓದಿ, "ತಪ್ಪು ದಿನಾಂಕ" ಎಂದು ವಾಪಸ್ ಕಳಿಸುತ್ತಿತ್ತು. ಏಜೆಂಟ್ ಜಾಣತನದಿಂದ ಅದಲು ಬದಲು ಮಾಡಿ 25/07 ಎಂದು ಕೊಡುತ್ತಿತ್ತು, ಕೆಲಸ ಆಗುತ್ತಿತ್ತು. "ನೋಡ್ರೀ, ತಪ್ಪು ಮಾಡಿದರೆ ತಾನೇ ತಿದ್ದಿಕೊಳ್ಳುತ್ತೆ!" ಎಂದು ನಾವು ಬೀಗಿದೆವು. ಆ ತಪ್ಪು ಯಾಕೆ ಬಂತು ಎಂದು ಒಬ್ಬರೂ ಕೇಳಲಿಲ್ಲ. ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಈ ತಡೆ ಇಲ್ಲ. 08/07 ಎಂದರೆ ಆಗಸ್ಟ್ ಏಳೂ ಆಗುತ್ತದೆ, ಜುಲೈ ಎಂಟೂ ಆಗುತ್ತದೆ. ಎರಡೂ ಒಳ್ಳೆಯ ದಿನಾಂಕವೇ.

ಕಳೆದ ವರ್ಷ, 2025ರ ಜೂನ್ 26ರಂದು ಒಬ್ಬ ವಯಸ್ಸಾದ ತಾಯಿಯ ಕಣ್ಣು ನೋಡಿದ ಡಾಕ್ಟರು ಆರು ವಾರ ಬಿಟ್ಟು ಬನ್ನಿ ಎಂದಿದ್ದರು. ಮಗ ಅವತ್ತೇ ಸಂಜೆ ಫೋನ್ ಮಾಡಿ ಆಗಸ್ಟ್ ಏಳನೇ ತಾರೀಖು ಕೇಳಿದ್ದಾರೆ. ಏಜೆಂಟ್ "ಆಗಸ್ಟ್ ಏಳಕ್ಕೆ ಬುಕ್ ಆಗಿದೆ" ಎಂದು ಸ್ಪಷ್ಟವಾಗಿ ಕನ್ನಡದಲ್ಲಿ ಹೇಳಿದೆ. ಪ್ರೋಗ್ರಾಂ ಜುಲೈ ಎಂಟಕ್ಕೆ ಬರೆದುಕೊಂಡಿದೆ. ಏಜೆಂಟ್ ಸುಳ್ಳು ಹೇಳಿದ್ದಲ್ಲ. ನನ್ನ ಟೂಲ್ ಕೆಲಸ ಮುಗಿಸಿ ಅದಕ್ಕೆ ವಾಪಸ್ ಕೊಟ್ಟದ್ದು "ಆಯಿತು" ಎಂಬ ಒಂದೇ ಪದ. ಯಾವ ದಿನಕ್ಕೆ ಆಯಿತು ಎಂದು ನಾನು ಹೇಳಿಸಿರಲಿಲ್ಲ.

ಆಗಸ್ಟ್ 7 ಗುರುವಾರ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಬಸ್ಸುಗಳ ಗತಿ ನಿಮಗೇ ಗೊತ್ತು. ತಾಯಿ ಮಗ ಇಬ್ಬರೂ ನಾಲ್ಕು ಗಂಟೆಗೇ ಎದ್ದು ಹೊರಟು ಆಸ್ಪತ್ರೆ ಮುಟ್ಟಿದರೆ ಪಟ್ಟಿಯಲ್ಲಿ ಹೆಸರಿಲ್ಲ. ಕೌಂಟರಿನ ಹುಡುಗಿ ಹುಡುಕಿ, "ನಿಮಗೆ ಹೋದ ತಿಂಗಳು ಎಂಟಕ್ಕೆ ಇತ್ತು. ನೀವೇ ಬಂದಿಲ್ಲ" ಎಂದಳಂತೆ. ಕೊನೆಗೆ ಎಲ್ಲರದೂ ಮುಗಿದ ಮೇಲೆ ಸಂಜೆ ನೋಡಿದರು. ಊರಿಗೆ ಹೋಗುವ ಕಡೇ ಬಸ್ಸು ತಪ್ಪಿತು. ಹಬ್ಬದ ದಿನ ಬೆಳಗಿನ ಜಾವದವರೆಗೆ ಆ ತಾಯಿ ಬಸ್ ನಿಲ್ದಾಣದಲ್ಲಿ ಮಲಗಿದ್ದರು.

ದೂರು ನಮ್ಮ ಆಫೀಸಿಗೆ ಬಂತು. ನಾನು ಆ ಮಗನಿಗೆ ಫೋನ್ ಮಾಡಿದೆ. ಬೈಗುಳ ತಿನ್ನಲು ತಯಾರಾಗಿಯೇ ಮಾಡಿದ್ದೆ. ಅವರು ಬೈಯಲಿಲ್ಲ. "ಸಾರ್, ನಾನು ಕನ್ನಡದಲ್ಲೇ ಕೇಳಿದ್ದು, ಅದೂ ಕನ್ನಡದಲ್ಲೇ ಹೇಳಿದ್ದು. ಆಗಸ್ಟ್ ಏಳು ಅಂತ್ಲೇ ಹೇಳ್ತು. ಮೆಸೇಜೂ ಬಂದಿತ್ತು ಇಂಗ್ಲಿಷಲ್ಲಿ. ಎಂಟೂ ಇತ್ತು, ಏಳೂ ಇತ್ತು, ಸರಿ ಇರಬೇಕು ಅಂದ್ಕೊಂಡೆ. ನಾನೇ ಸರಿಯಾಗಿ ನೋಡ್ಬೇಕಿತ್ತಾ ಸಾರ್?" ಎಂದರು.

ಅವರ ಜಾಗದಲ್ಲಿ ನನ್ನ ಅಪ್ಪ ಇದ್ದಿದ್ದರೂ ಹಾಗೇ ಕೇಳುತ್ತಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಳೆಯ ದಾಖಲೆ ತೆಗೆದು ನೋಡಿದರೆ ಹೀಗೆ ದಿನ ತಪ್ಪಿದವರು ಇನ್ನೂ ಕೆಲವರಿದ್ದರು. ಮುಂದೆ ಬರಬೇಕಾದವರಿಗೆಲ್ಲ ಆಸ್ಪತ್ರೆಯವರು ಫೋನ್ ಮಾಡಿ ಸರಿಮಾಡಿದರು. ಆಗಲೇ ಬಂದು ವಾಪಸ್ ಹೋಗಿದ್ದವರಿಗೆ ನಾವು ಏನು ಮಾಡಲು ಸಾಧ್ಯವಿತ್ತು?

ನಿಜ ಹೇಳಬೇಕೆಂದರೆ ಮರುದಿನದ ಮೀಟಿಂಗಿನಲ್ಲಿ ನಾನು ಮೊದಲು ಬೆರಳು ತೋರಿಸಿದ್ದು ಯಂತ್ರದ ಕಡೆಗೇ. "ಮಾಡೆಲ್ ಸರಿಯಿಲ್ಲ, ಇನ್ನೂ ದೊಡ್ಡ ಮಾಡೆಲ್ ಹಾಕೋಣ" ಎಂದೆ. ಖರ್ಚು ಹೆಚ್ಚಾದರೂ ತಪ್ಪು ಬೇರೆಯವರ ತಲೆ ಮೇಲೆ ಹೋಗುತ್ತದೆ, ನೋಡಿ.

ಆ ವಾರಾಂತ್ಯ ಊರಿಗೆ ಬಂದಿದ್ದೆ. ನನ್ನ ಅಕ್ಕನ ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಇಲ್ಲೇ ಎಲ್ಲೋ ಸ್ವಯಂಸೇವಕಿ ಬ್ಯಾಡ್ಜ್ ಹಾಕಿಕೊಂಡು ಓಡಾಡುತ್ತಿದ್ದಾಳೆ. ಜಗುಲಿ ಮೇಲೆ ಕೂತು ಅವಳ ಕೈಯಲ್ಲಿ ನಾಲ್ಕು ಚೀಟಿ ಕೊಟ್ಟೆ. ನಾಲ್ಕು ಟೂಲುಗಳ ವಿವರಣೆಯನ್ನು ಇದ್ದದ್ದು ಇದ್ದ ಹಾಗೆ ಕನ್ನಡದಲ್ಲಿ ಬರೆದಿದ್ದೆ. "ನೀನು ಆಸ್ಪತ್ರೆ ಕೌಂಟರಿನಲ್ಲಿದ್ದೀಯ. ನಾನು ರೋಗಿ. ಈ ಚೀಟಿ ಬಿಟ್ಟು ಬೇರೇನೂ ನಿನಗೆ ಗೊತ್ತಿಲ್ಲ" ಎಂದೆ. ಮೇಷ್ಟ್ರ ಆಟವನ್ನೇ ನಾನು ಆಡಿಸುತ್ತಿದ್ದೇನೆ ಎಂದು ನನಗೆ ಆಗ ಹೊಳೆದಿರಲಿಲ್ಲ.

ಮೊದಲ ಪ್ರಶ್ನೆಗೇ ಅವಳು ಪೆನ್ನು ನಿಲ್ಲಿಸಿದಳು. "ಮಾಮ, ತಾರೀಖು ಹೆಂಗೆ ಬರೀಬೇಕು? ಇದರಲ್ಲಿ ಹೇಳೇ ಇಲ್ಲ." ಎರಡನೆಯದು: "ಬರೋ ಸೋಮವಾರ ಅಂದ್ರೆ ನಾಡಿದ್ದಾ, ಮುಂದಿನ ವಾರದ್ದಾ? ರೋಗೀನ ವಾಪಸ್ ಕೇಳಬೌದಾ?" ರದ್ದು ಮಾಡುವ ಚೀಟಿ ತೆಗೆದುಕೊಂಡಳು. ಅದರಲ್ಲಿ ನಾನು ಬರೆದದ್ದು, "ರೋಗಿಯ ಅಪಾಯಿಂಟ್‌ಮೆಂಟ್ ರದ್ದು ಮಾಡುತ್ತದೆ. ಬೇಕಾದ ವಿವರ: ರೋಗಿಯ ನಂಬರು." ಅವಳು ಸ್ವಲ್ಪ ಹೊತ್ತು ನೋಡಿ, "ಒಬ್ಬರಿಗೇ ಎರಡು ಇದ್ರೆ? ಕಣ್ಣಿಗೊಂದು, ಶುಗರ್‌ಗೊಂದು. ಯಾವುದು ರದ್ದಾಗುತ್ತೆ?" ಎಂದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಲ್ಯಾಪ್‌ಟಾಪ್ ತೆಗೆದು ನಾನೇ ಬರೆದ ಪ್ರೋಗ್ರಾಂ ನೋಡಿದೆ. ಎರಡೂ ರದ್ದಾಗುತ್ತಿತ್ತು! ಆ ರೋಗಿಯ ಮುಂದಿನ ಎಲ್ಲ ಅಪಾಯಿಂಟ್‌ಮೆಂಟೂ ಒಂದೇ ಏಟಿಗೆ. ದೇವರ ದಯೆ, ಆವರೆಗೆ ಯಾರಿಗೂ ಹಾಗಾಗಿರಲಿಲ್ಲ.

ಮಾಡೆಲ್ ಬದಲಾಯಿಸುವ ಮಾತನ್ನು ಅಲ್ಲಿಗೆ ಬಿಟ್ಟೆ. ಹುಡುಗಿಗೆ ಬಂದ ಅನುಮಾನ ಯಂತ್ರಕ್ಕೂ ಬಂದಿರಬೇಕು. ವ್ಯತ್ಯಾಸ ಇಷ್ಟೇ, ಹುಡುಗಿ ಕೇಳಿದಳು, ಯಂತ್ರ ಊಹಿಸಿತು. ಕೇಳು ಎಂದು ನಾನು ಅದಕ್ಕೆ ಹೇಳಿರಲಿಲ್ಲ.

ಬೆಂಗಳೂರಿಗೆ ವಾಪಸ್ ಹೋಗಿ ನಾಲ್ಕನ್ನೂ ಹೊಸದಾಗಿ ಬರೆಯಲು ಕೂತೆ. ಮೊದಲನೇ ಸಲ ಅತಿ ಮಾಡಿದೆ. ಎರಡೆರಡು ಪುಟ, ಎಲ್ಲೆಲ್ಲೂ "ಎಚ್ಚರಿಕೆ", "ಖಂಡಿತ ಮಾಡಕೂಡದು". ಹೆದರಿದ ಏಜೆಂಟ್ ಒಂದು ತಾರೀಖಿಗೆ ಮೂರು ಮೂರು ಸಲ "ಖಚಿತವೇ?" ಎಂದು ಕೇಳತೊಡಗಿತು. ಪರೀಕ್ಷೆಗೆ ಕೂತ ನಮ್ಮವರೇ ಬೇಸತ್ತು ಫೋನ್ ಇಟ್ಟರು. ಅದೂ ಅಲ್ಲದೆ ಈ ವಿವರಣೆಯನ್ನು ಏಜೆಂಟ್ ಪ್ರತಿ ಸಲ ಮೊದಲಿನಿಂದ ಓದುತ್ತದೆ, ಓದಿದಷ್ಟೂ ದುಡ್ಡು. ಆಮೇಲೆ ಒಂದೊಂದೇ ಸಾಲು ಹೊಡೆದು ಹಾಕಿದೆ. ಇದನ್ನು ತೆಗೆದರೆ ಹೊಸಬನಿಗೆ ಅನುಮಾನ ಬರುತ್ತದೆಯೇ ಎಂದು ಕೇಳಿಕೊಳ್ಳುವುದು, ಬರುವುದಿಲ್ಲವೆಂದರೆ ತೆಗೆಯುವುದು. ಕೊನೆಗೆ ಬುಕ್ ಮಾಡುವ ಟೂಲಿನ ಒಕ್ಕಣೆ ಹೀಗೆ ನಿಂತಿತು. ಮೂಲ ಇಂಗ್ಲಿಷ್, ನಿಮಗಾಗಿ ಕನ್ನಡದಲ್ಲಿ ಓದುತ್ತೇನೆ:

"ರೋಗಿಗೆ ಹೊಸದಾಗಿ ಒಂದು ಅಪಾಯಿಂಟ್‌ಮೆಂಟ್ ಕೊಡಲು ಇದನ್ನು ಬಳಸು. ಈಗಾಗಲೇ ಇರುವುದರ ದಿನ ಬದಲಿಸಲು ಇದನ್ನು ಬಳಸಬೇಡ, ಅದಕ್ಕೆ 'ದಿನ ಬದಲಿಸು' ಇದೆ. ಮೊದಲು 'ಖಾಲಿ ಸಮಯ ನೋಡು' ಬಳಸಿ ಆ ದಿನ ಜಾಗವಿದೆಯೇ ತಿಳಿದುಕೋ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆ. 2025ರ ಆಗಸ್ಟ್ 7 ಆದರೆ 2025-08-07. ರೋಗಿ 'ಬರೋ ಸೋಮವಾರ', 'ಹಬ್ಬ ಆದಮೇಲೆ' ಎಂದರೆ ಊಹಿಸಬೇಡ. ತಾರೀಖು ಮತ್ತು ವಾರ ಎರಡನ್ನೂ ಹೇಳಿ ಒಂದು ಸಲ ಕೇಳು. ಬುಕ್ ಆದ ಮೇಲೆ ದಿನ, ತಿಂಗಳ ಹೆಸರು, ವಾರ ವಾಪಸ್ ಬರುತ್ತದೆ. ರೋಗಿಗೆ ಹೇಳಬೇಕಾದ್ದು ಅದನ್ನೇ, ನಿನ್ನ ನೆನಪಿನದಲ್ಲ."

ಇಷ್ಟೇ. ವರ್ಷ-ತಿಂಗಳು-ದಿನ ಎಂಬ ಕ್ರಮ ನಾನು ಕಂಡುಹಿಡಿದದ್ದಲ್ಲ, 1988ರಲ್ಲೇ ಐ.ಎಸ್.ಓ. ಸಂಸ್ಥೆ ಮಾಡಿದ ಅಂತರರಾಷ್ಟ್ರೀಯ ನಿಯಮ. ಬರೆದದ್ದನ್ನೇ ನಂಬಿ ಕೂರಲಿಲ್ಲ, ಬೇರೆ ರೀತಿ ಬರೆದ ದಿನಾಂಕ ಬಂದರೆ ಪ್ರೋಗ್ರಾಮೇ ಬೇಡವೆನ್ನುವಂತೆ ಮಾಡಿದೆ. ಬೇಡವೆನ್ನುವಾಗಲೂ ಮೊದಲಿನಂತೆ "ತಪ್ಪು ದಿನಾಂಕ" ಎಂದು ಗದರುವುದಿಲ್ಲ, "2025-08-07 ಈ ರೀತಿ ಬರೆದು ಕಳಿಸು" ಎಂದು ಹೇಳುತ್ತದೆ. ರದ್ದು ಮಾಡುವ ಟೂಲ್ ಈಗ ರೋಗಿಯ ನಂಬರನ್ನು ಕೇಳುವುದೇ ಇಲ್ಲ, ಆ ಒಂದು ಅಪಾಯಿಂಟ್‌ಮೆಂಟಿನ ನಂಬರನ್ನು ಕೇಳುತ್ತದೆ. ಎಸ್ಸೆಮ್ಮೆಸ್ಸನ್ನೂ ಕನ್ನಡಕ್ಕೆ ಬದಲಾಯಿಸಿದೆವು, ತಿಂಗಳನ್ನು ಅಕ್ಷರದಲ್ಲೇ ಬರೆದು.

ಇಂಥ ಬೇವಿನಮರ ನನ್ನೊಬ್ಬನದೇ ಅಲ್ಲ. ವಿಜ್ಞಾನದ ಮೇಷ್ಟ್ರು ಬಲದ ಏಕಮಾನ ನ್ಯೂಟನ್ ಎಂದು ಕಲಿಸುವಾಗ, ಉತ್ತರದ ಪಕ್ಕ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕತ್ತರಿಸುತ್ತಿದ್ದರು. ನಮಗೆ ಸಿಟ್ಟು ಬರುತ್ತಿತ್ತು. 1999ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾಸಾ ಮಂಗಳ ಗ್ರಹಕ್ಕೆ ಕಳಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಕಳೆದುಹೋಗಿದ್ದು ಇದೇ ಅರ್ಧ ಅಂಕಕ್ಕೆ. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತು, ಅದನ್ನು ತೆಗೆದುಕೊಂಡ ಪ್ರೋಗ್ರಾಂ ನ್ಯೂಟನ್ ಎಂದು ಓದಿಕೊಂಡಿತು. ಒಂದು ಪೌಂಡ್ ಬಲ ಸುಮಾರು 4.45 ನ್ಯೂಟನ್. ಒಂಬತ್ತು ತಿಂಗಳು ಪ್ರಯಾಣ ಮಾಡಿದ ನೌಕೆ ಮಂಗಳಕ್ಕೆ ಇರಬೇಕಾದದ್ದಕ್ಕಿಂತ ತೀರ ಹತ್ತಿರ ಹೋಗಿ ನಾಶವಾಯಿತು. ಅಲ್ಲಿ ನ್ಯೂಟನ್‌ನಲ್ಲೇ ಕೊಡಬೇಕೆಂದು ಬರೆದೂ ಇತ್ತು, ಪಾಲಿಸಿರಲಿಲ್ಲ. ಹಾಗಾಗಿಯೇ ಬರೆಯುವುದರ ಜೊತೆಗೆ ಬಾಗಿಲನ್ನೂ ಹಾಕಬೇಕು ಎಂದದ್ದು.

ಆಗಲೇ ಹೇಳಿದ ಆಂಥ್ರೊಪಿಕ್ ಕಂಪನಿಯವರು 2024ರ ಡಿಸೆಂಬರ್‌ನಲ್ಲಿ ತಮ್ಮ ಅನುಭವವನ್ನು ಬರೆದು ಪ್ರಕಟಿಸಿದ್ದಾರೆ. ಪ್ರೋಗ್ರಾಮಿನ ದೋಷ ಸರಿಪಡಿಸುವ ಏಜೆಂಟ್ ಮಾಡುವಾಗ, ಅದಕ್ಕೆ ಕೊಟ್ಟ ಒಟ್ಟಾರೆ ಸೂಚನೆಗಿಂತ ಟೂಲುಗಳನ್ನು ತಿದ್ದುವುದಕ್ಕೇ ಹೆಚ್ಚು ಸಮಯ ಹಿಡಿಯಿತಂತೆ. ಅವರ ಏಜೆಂಟ್ ಕಡತಗಳನ್ನು ಹುಡುಕುವಾಗ ದಾರಿ ತಪ್ಪುತ್ತಿತ್ತು. ಕಾರಣ, ಕಡತದ ವಿಳಾಸವನ್ನು "ಇಲ್ಲಿಂದ ಎಡಕ್ಕೆ, ಆಮೇಲೆ ಬಲಕ್ಕೆ" ಎಂಬಂತೆ ಬರೆಯಲು ಬಿಟ್ಟಿದ್ದರು. ನಿಂತ ಜಾಗ ಬದಲಾದರೆ ಎಡ ಬಲವೂ ಬದಲಾಗುತ್ತದೆ. ಯಾವಾಗಲೂ ಮೂಲದಿಂದ ಹಿಡಿದು ಪೂರ್ತಿ ವಿಳಾಸ ಬರೆಯಬೇಕು ಎಂದು ಟೂಲನ್ನು ಬದಲಾಯಿಸಿದ ಮೇಲೆ ಆ ತಪ್ಪು ನಿಂತಿತು. ಇದನ್ನು ಓದಿದಾಗ ನನಗೆ ಕೆರೆ ಏರಿ ಮೇಲೆ ಹಾಳೆ ಹಿಡಿದು ನಿಂತ ಮೇಷ್ಟ್ರೇ ಕಣ್ಣಮುಂದೆ ಬಂದರು.

ಒಂದು ಮಾತು ಹಳ್ಳಿ ಶಾಲೆಯ ಕನ್ನಡ ಮಾಧ್ಯಮದ ಬಗ್ಗೆ. ಬಿ.ಇ. ಮೊದಲ ವರ್ಷ ನಾನು ಪಟ್ಟ ಪಾಡು ನನಗೇ ಗೊತ್ತು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಬಾಯಿ ಬರದೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಅದನ್ನು ಮರೆಮಾಚಿ, ಎಲ್ಲ ಸುಲಭವಾಗಿತ್ತು ಎಂದು ಈ ಮಕ್ಕಳಿಗೆ ಹೇಳಲಾರೆ. ಆದರೆ ಈಗ ಮಾಡುತ್ತಿರುವ ಕೆಲಸಕ್ಕೆ ಅಲಂಕಾರದ ಇಂಗ್ಲಿಷ್ ಬೇಕಿಲ್ಲ. ನನಗೆ ಬರುವ ಗಿಡ್ಡ ವಾಕ್ಯದ ಇಂಗ್ಲಿಷೇ ಸಾಕಾಗಿದೆ, ಬಹುಶಃ ಅನುಕೂಲವೇ ಆಗಿದೆ. ಈ ಎ.ಐ. ಬಂದರೆ ನಮ್ಮ ಮಕ್ಕಳ ಕೆಲಸ ಹೋಗುತ್ತದಾ ಎಂದು ನಿನ್ನೆ ಊಟದ ಪಂಕ್ತಿಯಲ್ಲಿ ಮೂರು ಜನ ಕೇಳಿದರು. ಕೆಲವು ಕೆಲಸ ಹೋಗುತ್ತಿದೆ, ಕಣ್ಣಾರೆ ಕಾಣುತ್ತಿದ್ದೇನೆ. ಹೋಗುವುದಿಲ್ಲ ಎಂದು ಸಮಾಧಾನ ಹೇಳಿದರೆ ಅದು ಮತ್ತೊಂದು ಇಲ್ಲದ ಮರ.

ಹೊಸ ಕಂಪ್ಯೂಟರ್ ಕೊಠಡಿಯ ಬಗ್ಗೆ ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದ್ದೇನೆ. ಮುಂದಿನ ತಿಂಗಳಿಂದ ಎರಡನೇ ಶನಿವಾರ ಬೆಳಿಗ್ಗೆ ಬರುತ್ತೇನೆ, ಒಂಬತ್ತನೇ ತರಗತಿ ಮಕ್ಕಳ ಜೊತೆ ಕೂರುತ್ತೇನೆ. ಮೊದಲ ದಿನ ಕಂಪ್ಯೂಟರ್ ಹಾಕುವುದಿಲ್ಲ. ಬಸ್ ಸ್ಟಾಪಿಂದ ಮನೆಗೆ ದಾರಿ ಬರೆಸುತ್ತೇನೆ. ಮೇಷ್ಟ್ರಿಗೆ ಮಂಡಿನೋವು, ಅಷ್ಟು ದೂರ ನಡೆಯಲಾರರು. ನೆಂಟನಾಗಲು ಅವರು ಒಪ್ಪಿದರೆ ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ.

ಕೊನೆಗೆ ಸ್ವಾಗತ ಸಮಿತಿಯವರಿಗೆ ಒಂದು ವರದಿ. ನಮ್ಮ ಸುವರ್ಣ ಮಹೋತ್ಸವದ ಆಮಂತ್ರಣ ಪತ್ರಿಕೆ ಬಹಳ ಚೆನ್ನಾಗಿ ಬಂದಿದೆ. ಹಿಂಬದಿಯಲ್ಲಿ ಶಾಲೆಗೆ ಬರುವ ದಾರಿ ಎಂದು ಅಚ್ಚು ಹಾಕಿಸಿದ್ದೀರಿ. "ಬಸ್ ನಿಲ್ದಾಣದಿಂದ ಮುಂದೆ ಬಂದು ಬೇವಿನಮರದ ಹತ್ತಿರ ಎಡಕ್ಕೆ." ನಿನ್ನೆ ಬೆಳಿಗ್ಗೆ ನಾನು ಬರುವಾಗ ಕೆರೆ ಏರಿಯ ಮೇಲೆ ಎರಡು ಕಾರು ನಿಂತಿದ್ದವು, ಒಬ್ಬರು ಕಾರಿಳಿದು ಪತ್ರಿಕೆ ಹಿಡಿದುಕೊಂಡು ಮರ ಹುಡುಕುತ್ತಿದ್ದರು. ವಿಚಾರಿಸಿದರೆ ಈ ಗೋಷ್ಠಿಯ ಅಧ್ಯಕ್ಷತೆ ವಹಿಸಲು ಬಂದವರು, ಈಗ ವೇದಿಕೆ ಮೇಲೆ ನಗುತ್ತಾ ಕೂತಿದ್ದಾರೆ. ಇವತ್ತು ಬೆಳಿಗ್ಗೆಯಿಂದ ಆ ತಿರುವಿನಲ್ಲಿ ಎಂಟನೇ ತರಗತಿಯ ಇಬ್ಬರು ಹುಡುಗರು ರಟ್ಟು ಹಿಡಿದುಕೊಂಡು ನಿಂತಿದ್ದಾರೆ. ಬಿಸಿಲು ಏರುತ್ತಿದೆ, ಊಟದ ಹೊತ್ತಾಯಿತು. ದಯವಿಟ್ಟು ಯಾರಾದರೂ ಅವರನ್ನು ಕರೆಸಿ.